ಕಲಬುರಗಿ ಬಿಸಿಲಲ್ಲಿ ಮಕ್ಕಳ ಜೊತೆ ಏನು ಬೆಳೆಯಬಹುದು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಮಗಳ ಜೊತೆ ಕುಂಡದಲ್ಲಿ ಹವೀಜ (ಕೊತ್ತಂಬರಿ ಬೀಜ) ಹಾಕಿದ್ದೆ. ಏಪ್ರಿಲ್ ತಿಂಗಳು. ದಿನಾ ನೀರು ಹಾಕಿದರೂ ಏನೂ ಬರಲಿಲ್ಲ. ಮತ್ತೆ ಹಾಕೋಣ ಅಂತ ಹಟ ಮಾಡುತ್ತಿದ್ದಾಳೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಮೆಂತೆಯಿಂದ ಶುರು ಮಾಡಿ, ಅದೂ ಜೂನ್‌ನಲ್ಲಿ ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ. ಕೊತ್ತಂಬರಿಗೆ ತಂಪು ಬೇಕು. ನಮ್ಮೂರಿನ ಬೇಸಿಗೆಯಲ್ಲಿ ಅದು ಮೊಳೆಯುವುದೇ ಕಷ್ಟ. ಹೊರಗೆ 42 ಡಿಗ್ರಿ ಇದ್ದರೆ ಕಾದ ಮಾಳಿಗೆ ಮೇಲಿನ ಕುಂಡ ಇನ್ನೂ ಜಾಸ್ತಿ ಕಾದಿರುತ್ತದೆ. ಹವೀಜವನ್ನು ಅಕ್ಟೋಬರ್ ಕಳೆದ ಮೇಲೆ ಹಾಕಿ.

ಮಣ್ಣಿನ ಕಡೆ ಸ್ವಲ್ಪ ಗಮನ ಕೊಡಿ. ಬರೀ ಎರೆ ಮಣ್ಣು ತುಂಬಿದರೆ ಒಣಗಿದಾಗ ಅದು ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿನಲ್ಲೇ ಇಳಿದು ಕೆಳಗಿನ ತೂತಿನಿಂದ ಹೋಗಿಬಿಡುತ್ತದೆ. ಮೇಲೆ ನೋಡಿದರೆ ಒದ್ದೆ, ಬೇರು ಮಾತ್ರ ಒಣ! ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಮೂರನ್ನೂ ಸಮ ಸಮ ಕಲಸಿ. ಕಲಸುವ ಕೆಲಸ ಮಗಳಿಗೇ ಬಿಡಿ, ಮಕ್ಕಳಿಗೆ ಅದೇ ದೊಡ್ಡ ಖುಷಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಸಿದರಾಯಿತು. ಬೀದರಿನ ಕೆಮ್ಮಣ್ಣಾದರೆ ಮರಳು ಕಡಿಮೆ ಸಾಕು.

ಮೆಂತೆ ಕಾಳು ಅಡುಗೆಮನೆ ಡಬ್ಬಿಯದ್ದೇ ಆಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ನಾಲ್ಕೈದು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಕೆಲವು ಮೊಳಕೆಗಳ ತುದಿಯಲ್ಲಿ ಕಾಳಿನ ಸಿಪ್ಪೆ ಹಾಗೇ ಸಿಕ್ಕಿಕೊಂಡಿರುತ್ತದೆ. ಎರಡು ಎಲೆ ಬಿಚ್ಚಿಕೊಂಡಾಗ ಅದು ತಾನೇ ಬೀಳುತ್ತದೆ. ಕೈಯಿಂದ ಕೀಳದೆ ಕಾಯಲು ಹೇಳಿ. ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಚಿಕ್ಕ ಮಕ್ಕಳಿಗೆ ಇಷ್ಟು ಬೇಗ ಫಲ ಕಾಣಬೇಕು ಅಲ್ವಾ?

ನೀರು ಹಾಕುವ ಮೊದಲು ಬೆರಳು ಒಂದಿಂಚು ಮಣ್ಣಿಗೆ ಇಳಿಸಿ ನೋಡುವುದನ್ನು ಕಲಿಸಿ. ತೇವ ಇದ್ದರೆ ಅವತ್ತು ನೀರು ಬೇಡ. ಮಕ್ಕಳು ಪ್ರೀತಿಯಿಂದ ನೀರು ಸುರಿದು ಸುರಿದೇ ಬೇರು ಕೊಳೆಯುವುದು ಹೆಚ್ಚು.

ಬಿಸಿಲು ತಡೆಯುವ ಗಿಡವೇ ಬೇಕು ಅಂದರೆ ಪುಂಡಿ (ಗೋಂಗೂರ ಸೊಪ್ಪು) ಹಾಕಿ. ಎಲೆ ಕಿತ್ತಷ್ಟೂ ಚಿಗುರುತ್ತದೆ.

ಜೊತೆಗೆ ಒಂದು ಹಳೇ ಬಕೆಟ್‌ಗೆ ತೂತು ಮಾಡಿ ನಾಲ್ಕು ತೊಗರಿ ಕಾಳು ಹಾಕಲೇಬೇಕು ಅಂತ ನನ್ನ ಆಸೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಅಧಿಕೃತ ಮಾನ್ಯತೆ) ಪಡೆದ ಬೆಳೆ ನಮ್ಮೂರಿನದು. ಇಲ್ಲಿನ ಮಕ್ಕಳಿಗೆ ಅದರ ಹಳದಿ ಹೂ ಗೊತ್ತಿರಬೇಕು. ಬೇಳೆ ಮೊಳೆಯುವುದಿಲ್ಲ, ಸಿಪ್ಪೆ ಸಮೇತ ಇಡೀ ಕಾಳೇ ಬೇಕು. ಬೆಳೆಯಲು ಐದಾರು ತಿಂಗಳು ಹಿಡಿಯುತ್ತದೆ. ಕಾಯಿ ಹಸಿರಿರುವಾಗಲೇ ಕಿತ್ತು ಉಪ್ಪು ಹಾಕಿ ಕುದಿಸಿ ಕೊಡಿ.