ತೆಳು ತಗಡಿನಲ್ಲಿ ದುಂಡನೆಯ ರಂಧ್ರ

ಬಿಡಿಭಾಗಗಳನ್ನು ತರಿಸಿಕೊಂಡು ನಾವೇ ಜೋಡಿಸುವ ಕಿಟ್ ವಿಮಾನಗಳ ತಗಡುಗಳಿಗೆ ಬೇಕಾದ ರಿವೆಟ್ ರಂಧ್ರಗಳಲ್ಲಿ ಹೆಚ್ಚಿನವು ಈಗ ಕಾರ್ಖಾನೆಯಲ್ಲೇ ಕೊರೆದು ಬರುತ್ತವೆ. ಕಟ್ಟುವವರ ಕೈಗೆ ಉಳಿಯುವುದು ಮೀಟರುಗಳನ್ನು ಕೂರಿಸುವ ಫಲಕದ ದೊಡ್ಡ ವೃತ್ತಗಳು, ವೈರು ಹಾಯಿಸುವ ಕಿಂಡಿಗಳು ಮತ್ತು ಎಂಜಿನ್ನಿನ ಹಿಂದಿನ ಬೆಂಕಿತಡೆ ತಗಡಿನ ರಂಧ್ರಗಳು. ಬೀದರಿನ ಆಕಾಶದಲ್ಲಿ ವಾಯುಪಡೆಯ ತರಬೇತಿ ವಿಮಾನಗಳನ್ನು ನೋಡುತ್ತ ಬೆಳೆದು ಈಗ ಇಂಥ ಕೆಲಸಕ್ಕೆ ಕೈಹಾಕಿರುವ ತರುಣರು ನನ್ನ ಬಳಿ ತರುವ ತಗಡುಗಳಲ್ಲಿ ಪದೇ ಪದೇ ಕಾಣುವ ದೋಷ ಒಂದೇ: ರಂಧ್ರ ದುಂಡಗಿರದೆ ಮುಕ್ಕೋನದಂತಾಗಿರುತ್ತದೆ.

ಇದಕ್ಕೆ ಕಾರಣ ಕೈಯ ನಡುಕವಲ್ಲ. ಸಾಮಾನ್ಯ 10 ಮಿ.ಮೀ. ಡ್ರಿಲ್ ಬಿಟ್ಟಿನ ಮೊನೆಯೇ ಸುಮಾರು 3 ಮಿ.ಮೀ. ಉದ್ದವಿರುತ್ತದೆ, ತಗಡಿನ ದಪ್ಪವಾದರೋ 0.8 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಬಿಟ್ಟಿನ ಪೂರ್ಣ ಅಗಲ ತಗಡನ್ನು ಮುಟ್ಟುವ ಮೊದಲೇ ಮೊನೆ ಆಚೆ ಬದಿಗೆ ಹೊರಬಿದ್ದು ನಡುವಿನ ಆಧಾರ ತಪ್ಪುವುದರಿಂದ, ಎರಡು ಅಲಗುಗಳು ಅಂಚಿಗೆ ಸಿಕ್ಕಿಕೊಂಡು ತಗಡನ್ನು ಮೇಲಕ್ಕೆ ಎಳೆಯುತ್ತವೆ.

6 ಮಿ.ಮೀ.ಗಿಂತ ದೊಡ್ಡ ರಂಧ್ರಕ್ಕೆ ನಾನು ಸ್ಟೆಪ್ ಡ್ರಿಲ್ಲನ್ನೇ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಹೋಗುವ ಶಂಕುವಿನಾಕಾರದ ಬಿಟ್ಟನ್ನೇ, ಹೇಳುತ್ತೇನೆ. ಅದರ ಪ್ರತಿ ಮೆಟ್ಟಿಲೂ ಹಿಂದಿನ ಮೆಟ್ಟಿಲು ಕೊರೆದ ರಂಧ್ರದಲ್ಲಿ ಆಧಾರ ಪಡೆದೇ ಮುಂದೆ ಹೋಗುತ್ತದೆ. ನಿಲ್ಲಬೇಕಾದ ಮೆಟ್ಟಿಲಿಗೆ ಮೊದಲೇ ಮಾರ್ಕರ್‌ನಿಂದ ಗುರುತು ಹಾಕಿ, ತಗಡಿನ ಅಡಿಗೆ ಪ್ಲೈವುಡ್ ಕೊಟ್ಟು, ಕ್ಲ್ಯಾಂಪಿನಿಂದ ಬಿಗಿದು, ಕಡಿಮೆ ವೇಗದಲ್ಲಿ ಕೊರೆಯಬೇಕು. ತಗಡಿನ ಮೇಲಿನ ಗುರುತಿಗೆ ಉಕ್ಕಿನ ಮೊನೆಯಾಗಲಿ ಪೆನ್ಸಿಲ್ ಆಗಲಿ ಬೇಡ: ಉಕ್ಕಿನ ಗೀರು ಬಿರುಕಿಗೆ ದಾರಿ ಮಾಡಿಕೊಡುತ್ತದೆ, ಪೆನ್ಸಿಲಿನ ಗ್ರಾಫೈಟ್ ತೇವ ತಗುಲಿದಾಗ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಮೀಟರುಗಳ 79.4 ಮಿ.ಮೀ. ವೃತ್ತಕ್ಕೆ ಅತ್ಯುತ್ತಮವಾದದ್ದು ಬೋಲ್ಟ್ ಬಿಗಿದಂತೆಲ್ಲ ತಗಡನ್ನು ಕತ್ತರಿಸುವ ಪಂಚ್. ಸಣ್ಣ ಅಳತೆಯ ಪಂಚ್‌ಗಳು ವಿದ್ಯುತ್ ಪ್ಯಾನೆಲ್ ತಯಾರಿಸುವವರಲ್ಲಿ ಇರುವುದುಂಟು; ಆದ್ದರಿಂದ ಕಲಬುರಗಿಯವರು ಕಪನೂರು ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ ನೋಡಬಹುದು. ದೊಡ್ಡ ಅಳತೆಯದು ಸಿಗದಿದ್ದರೆ ಫ್ಲೈ ಕಟರ್ (ನಡುವಿನ ಬಿಟ್ಟಿನ ಸುತ್ತ ಅಡ್ಡತೋಳಿನ ಅಲಗು ತಿರುಗಿ ವೃತ್ತ ಕತ್ತರಿಸುವ ಸಾಧನ) ಆಗುತ್ತದೆ, ಆದರೆ ಅದನ್ನು ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಮೆಷಿನ್ನಿನಲ್ಲಿ ಅತಿ ಕಡಿಮೆ ವೇಗಕ್ಕೆ ಇಟ್ಟೇ ಬಳಸಬೇಕು. ಕೈಡ್ರಿಲ್ಲಿಗೆ ಹಾಕಿದರೆ ಬೆರಳು ಹೋಗುತ್ತದೆ. ಅರ್ಧ ದಪ್ಪ ಕತ್ತರಿಸಿದ ಮೇಲೆ ತಗಡನ್ನು ಮಗುಚಿ, ಅದೇ ನಡುರಂಧ್ರ ಹಿಡಿದು ಇನ್ನೊಂದು ಬದಿಯಿಂದ ಮುಗಿಸಿದರೆ ಎರಡೂ ಬದಿಯ ಅಂಚು ನಯವಾಗಿರುತ್ತದೆ.

ಕೊರೆದ ಮೇಲೆ ರಂಧ್ರದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳುಗಳನ್ನು ಸವರಿ ತೆಗೆಯುವುದರಲ್ಲಿ ಅತಿಯೂ ಅಪಾಯವೇ. ದೊಡ್ಡ ಬಿಟ್ಟೊಂದನ್ನು ಬೆರಳಿನಿಂದ ಒಂದೆರಡು ಸುತ್ತು ಹಗುರವಾಗಿ ತಿರುಗಿಸಿದರೆ ಸಾಕು. ಹೆಚ್ಚು ಒತ್ತಿದರೆ 0.5 ಮಿ.ಮೀ. ತಗಡಿನ ಅಂಚು ಚಾಕುವಿನ ಅಲಗಿನಂತಾಗಿ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737ರ ಮೇಲ್ಛಾವಣಿ ಕಿತ್ತುಹೋದ ಪ್ರಕರಣದಲ್ಲಿ, ತಗಡುಗಳ ಜೋಡಣೆಯ ಅಂಟು ಬಿಟ್ಟು ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಾಗ ಬಿರುಕುಗಳು ಬೆಳೆದದ್ದು ಇಂಥ ಅಲಗಿನಂಚಿನ ರಂಧ್ರಗಳಿಂದಲೇ. ನಯವನ್ನು ಪರೀಕ್ಷಿಸಲು ಒಂದು ಚಿಟಿಕೆ ಹತ್ತಿ ಸಾಕು, ಯಾದಗಿರಿಯ ಹೊಲಗಳಲ್ಲಿ ಅದಕ್ಕೇನೂ ಬರವಿಲ್ಲ. ಅಂಚಿನ ಸುತ್ತ ಹತ್ತಿಯನ್ನು ಎಳೆದಾಗ ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಇನ್ನೂ ಮುಳ್ಳು ಉಳಿದಿದೆ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಮೀಟರ್ ಅಲ್ಯೂಮಿನಿಯಂ ತಗಡು 20 ಡಿಗ್ರಿ ಬಿಸಿಯೇರಿದರೆ ಸುಮಾರು 0.46 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟೇ. ಉಕ್ಕಿನ ಅಚ್ಚಿಟ್ಟು ಸಾಲು ರಂಧ್ರ ಕೊರೆಯುವವರು ಏಪ್ರಿಲ್–ಮೇ ತಿಂಗಳಲ್ಲಿ ಆ ಕೆಲಸವನ್ನು ಬೆಳಗಿನ ಹೊತ್ತಿನಲ್ಲೇ, ನೆರಳಿನಲ್ಲೇ ಮುಗಿಸಬೇಕು.

ಬೆಂಕಿತಡೆಯ ಸ್ಟೇನ್‌ಲೆಸ್ ತಗಡು ಉಜ್ಜಿದಷ್ಟೂ ಗಡುಸಾಗುತ್ತದೆ. ಅಲ್ಲಿ ವೇಗವನ್ನು ಇನ್ನೂ ಇಳಿಸಿ, ಒತ್ತಡವನ್ನು ಬಿಗಿಯಾಗಿಟ್ಟು, ಎಣ್ಣೆ ಬಿಡುತ್ತ ಕೊರೆಯಬೇಕು. ಒಳಗಿನ ತಗಡುಗಳಲ್ಲಿ ವೈರು ಹಾಯುವ ರಂಧ್ರದ ಅಂಚಿಗೆ ಪ್ರೈಮರ್ ಬಳಿದು, ಅದು ಒಣಗಿದ ಮೇಲೆಯೇ ರಬ್ಬರ್ ಬಳೆ ಕೂರಿಸಬೇಕು.