ಮಾತ್ರೆ ತಗೊಂಡಾಗ ಹೋಗುತ್ತೆ, ಮುಟ್ಟಾದ ಮೇಲೆ ಮತ್ತೆ ಬರುತ್ತೆ, ಈ ಬಿಳಿ ಸೆರಗು ಯಾಕೆ ಬಿಡ್ತಿಲ್ಲ?

"ಬಿಳಿ ಸೆರಗು ಜಾಸ್ತಿ ಹೋಗುತ್ತೆ, ವಾಸನೆ ಬೇರೆ. ಮಾತ್ರೆ ತಗೊಂಡ್ರೆ ವಾರದಲ್ಲಿ ಸರಿಹೋಗುತ್ತೆ, ಮುಂದಿನ ಮುಟ್ಟು ಮುಗಿಯೋ ಹೊತ್ತಿಗೆ ಮತ್ತೆ ಶುರು. ದಿನಕ್ಕೆ ಎರಡು ಸಲ ವಾಶ್ ಹಾಕಿ ತೊಳೀತೀನಿ, ಆದ್ರೂ ಯಾಕೆ ಹೀಗೆ? ನಾನು ಅಷ್ಟು ಕ್ಲೀನ್ ಇಲ್ವಾ?"

ಮಾತು ಬೇರೆ ಬೇರೆ ಇರುತ್ತೆ ಆದ್ರೆ ತುಂಬಾ ಹೆಣ್ಮಕ್ಕಳು ಕೇಳೋದು ಇದನ್ನೇ. ಕೊನೇ ಸಾಲಿಗೆ ಮೊದಲು ಉತ್ತರ ಹೇಳಿಬಿಡ್ತೀನಿ: ನಿಮ್ಮ ಶುಚಿತನಕ್ಕೂ ಇದಕ್ಕೂ ಸಂಬಂಧ ಇಲ್ಲ, ಇನ್ನೂ ಹೇಳ್ಬೇಕಂದ್ರೆ ಆ ದಿನಕ್ಕೆರಡು ಸಲದ ವಾಶೇ ಇದನ್ನ ವಾಪಸ್ ಕರೆಸ್ತಾ ಇರಬಹುದು.

ಯೋನಿ ಒಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಇರ್ತವೆ, 1892ರಲ್ಲೇ ಜರ್ಮನಿಯ ಡೋಡರ್ಲೈನ್ ಅನ್ನೋ ಡಾಕ್ಟರ್ ಇವುಗಳ ಬಗ್ಗೆ ಬರೆದಿದ್ರು. ಈಸ್ಟ್ರೋಜನ್ ಹಾರ್ಮೋನ್ ಇರೋವರೆಗೂ ಒಳಪದರದಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆ ಅಂಶ ಸೇರುತ್ತೆ, ಅದರಿಂದ ಈ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಸಿಡ್ ಮಾಡ್ತವೆ, ಹಾಗಾಗಿ ಅಲ್ಲಿನ ಪಿಹೆಚ್ (ಹುಳಿ ಅಳೆಯೋ ಲೆಕ್ಕ, ಅಂಕಿ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 3.8ರಿಂದ 4.5ರ ಒಳಗೆ ನಿಲ್ಲುತ್ತೆ ಅಂದ್ರೆ ಚೆನ್ನಾಗಿ ಹುಳಿಯಾಗಿರುತ್ತೆ, ಆ ಹುಳಿಯಲ್ಲಿ ವಾಸನೆ ತರೋ ಬ್ಯಾಕ್ಟೀರಿಯಾ ಬೆಳೆಯೋಕೆ ಆಗಲ್ಲ. ರಕ್ತದ ಪಿಹೆಚ್ 7.4, ವೀರ್ಯದ್ದೂ 7ರ ಮೇಲೆ, ಇವು ಸೇರಿದಾಗ ಅಲ್ಲಿನ ಹುಳಿ ಕಮ್ಮಿ ಆಗುತ್ತೆ. ಅದಕ್ಕೇ ಮುಟ್ಟಾದ ಮೇಲೆ ಮತ್ತು ಗಂಡನ ಜೊತೆ ಸೇರಿದ ಮೇಲೆ ವಾಸನೆ ಏಳೋದು. ಡೆಟಾಲ್ ನೀರು, ಸೋಪು, ಪರಿಮಳದ ವಾಶ್ ಒಳಗೆ ಹೋದಾಗೆಲ್ಲ ಈ ಒಳ್ಳೇ ಬ್ಯಾಕ್ಟೀರಿಯಾಕ್ಕೇ ಏಟು. ಹೊರಗಡೆ ಬರೀ ನೀರಲ್ಲಿ ತೊಳೆದ್ರೆ ಸಾಕು, ಒಳಗೆ ಏನೂ ಹಾಕೋದೇ ಬೇಡ. ತಿಂಗಳ ಮಧ್ಯದಲ್ಲಿ ಮೊಟ್ಟೆಯ ಬಿಳಿ ಲೋಳೆ ಥರ ಹೋಗೋದು, ಬಸುರಿಯಲ್ಲಿ ಸ್ವಲ್ಪ ಜಾಸ್ತಿ ಹೋಗೋದು, ಇವೆಲ್ಲ ನಾರ್ಮಲ್. ಸೆರಗು ಹೋದ್ರೆ ಮೂಳೆ ಸವೀತದೆ ಅಂತ ಅಜ್ಜಿಯಂದ್ರು ಹೆದರಿಸ್ತಾರಲ್ಲ, ಅದು ಸುಳ್ಳು.

ಈಗ ಮುಖ್ಯ ವಿಷಯ. ಪದೇ ಪದೇ ಬರ್ತಿರೋದು *ಯಾವ* ಇನ್‌ಫೆಕ್ಷನ್ ಅಂತ ಯಾರಾದ್ರೂ ನಿಮಗೆ ಹೆಸರು ಹೇಳಿದ್ದಾರಾ? ಹೆಚ್ಚಿನವರಿಗೆ ಗೊತ್ತಿರಲ್ಲ, ಯಾಕಂದ್ರೆ ಯಾರೂ ಪರೀಕ್ಷೆನೇ ಮಾಡಿರಲ್ಲ. ಮೆಡಿಕಲ್ ಶಾಪಲ್ಲಿ "ವೈಟ್ ಡಿಸ್ಚಾರ್ಜ್" ಅಂದ ತಕ್ಷಣ ಮೂರು ನಾಲ್ಕು ಮಾತ್ರೆ ಸೇರಿಸಿದ ಒಂದು ಕಿಟ್ ಕೈಗೆ ಬರುತ್ತೆ, ಅದರಲ್ಲಿ ಫಂಗಸ್‌ಗೂ ಇದೆ, ಬ್ಯಾಕ್ಟೀರಿಯಾಕ್ಕೂ ಇದೆ, ಯಾವುದೋ ಒಂದು ತಾಗುತ್ತೆ, ಸ್ವಲ್ಪ ದಿನ ಆರಾಮ, ಆಮೇಲೆ ಮತ್ತೆ ಅದೇ ಅಂಗಡಿ. ಮೊದಲ ಸಲಕ್ಕೆ ಇದು ನಡೀಬಹುದು, ನಾಲ್ಕನೇ ಸಲಕ್ಕೂ ಇದನ್ನೇ ಮಾಡ್ತಾ ಇದ್ರೆ ಕಾಯಿಲೆ ಯಾವುದು ಅನ್ನೋದು ಗೊತ್ತಾಗೋದೇ ಇಲ್ಲ.

ಸಾಮಾನ್ಯವಾಗಿ ಮೂರರಲ್ಲಿ ಒಂದಿರುತ್ತೆ. ಬ್ಯಾಕ್ಟೀರಿಯಲ್ ವಜೈನೋಸಿಸ್, ಬಿವಿ ಅಂತಾರೆ: ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ, ತುರಿಕೆ ಅಷ್ಟಿರಲ್ಲ, ಪಿಹೆಚ್ 4.5 ದಾಟಿರುತ್ತೆ, ಮುಟ್ಟಾದ ಮೇಲೆ ಜೋರು. ಎರಡನೇದು ಕ್ಯಾಂಡಿಡಾ ಅನ್ನೋ ಫಂಗಸ್: ಒಡೆದ ಹಾಲಿನ ಗಟ್ಟಿ ಥರ ಹೋಗುತ್ತೆ, ವಾಸನೆ ಇರಲ್ಲ ಆದ್ರೆ ತುರಿಕೆ ಉರಿ ವಿಪರೀತ, ಹೆಚ್ಚಾಗಿ ಮುಟ್ಟಿನ *ಮುಂಚಿನ* ವಾರದಲ್ಲಿ ಕಾಡುತ್ತೆ, ಪಿಹೆಚ್ ನಾರ್ಮಲ್ಲೇ ಇರುತ್ತೆ. ಮೂರನೇದು ಟ್ರೈಕೊಮೊನಾಸ್ ಅನ್ನೋ ಸೂಕ್ಷ್ಮ ಪರಾವಲಂಬಿ ಜೀವಿ: ಹಳದಿ ಹಸಿರು, ನೊರೆ ನೊರೆ, ಇದು ಲೈಂಗಿಕ ಸಂಪರ್ಕದಿಂದ ಹರಡೋದು, ಗಂಡನಿಗೂ ಮಾತ್ರೆ ಕೊಡಲೇಬೇಕು. ಆದ್ರೆ ಲಕ್ಷಣ ನೋಡಿ ಮನೇಲೇ ತೀರ್ಮಾನ ಮಾಡ್ಬೇಡಿ, ಎರಡು ಒಟ್ಟಿಗೇ ಇರೋದೂ ಉಂಟು, ಡಾಕ್ಟರೂ ಬರೀ ಕೇಳಿಸ್ಕೊಂಡು ಹೇಳಿದ್ರೆ ತಪ್ಪಾಗುತ್ತೆ. ಪಿಹೆಚ್ ಅಳೆಯೋ ಕಾಗದದ ಪಟ್ಟಿ ಮತ್ತು ಸ್ಯಾಂಪಲ್ ತೆಗೆದು ಮೈಕ್ರೋಸ್ಕೋಪಲ್ಲಿ ನೋಡೋದು, ಇವೆರಡೇ ಎಷ್ಟೋ ಕೇಸಲ್ಲಿ ವಿಷಯ ಬಿಡಿಸಿ ಹೇಳುತ್ವೆ.

ನೀವು ಕೇಳಿರೋ ಥರ ವಾಸನೆ, ಮುಟ್ಟಾದ ಮೇಲೆ ವಾಪಸ್, ಇದು ಕೇಳೋಕೆ ಬಿವಿ ಥರಾನೇ ಇದೆ. ಇದು ಅಪರೂಪದ್ದೇನಲ್ಲ, ಮೈಸೂರಲ್ಲಿ 2005-06ರ ಸುಮಾರಿಗೆ ಹತ್ತಿರ ಹತ್ತಿರ 900 ಯುವತಿಯರನ್ನ ಪರೀಕ್ಷೆ ಮಾಡಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಬಿವಿ ಇತ್ತು. ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ 7 ದಿನ ತಗೊಂಡ್ರೆ ಹೋಗುತ್ತೆ ಆದ್ರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ವರ್ಷದೊಳಗೆ ಮತ್ತೆ ಬರುತ್ತೆ. ಯಾಕಂದ್ರೆ ಗಾರ್ಡ್ನೆರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ನೀರಿನ ತೊಟ್ಟಿ ಗೋಡೆಗೆ ಪಾಚಿ ಅಂಟ್ಕೊಳ್ಳೋ ಹಾಗೆ ಒಳಗೋಡೆಗೆ ಪದರ ಕಟ್ಟುತ್ತೆ, ಮಾತ್ರೆ ಮೇಲ್ಮೇಲೆ ತೊಳೆಯುತ್ತೆ, ಅಡಿಯಲ್ಲಿರೋದು ಉಳ್ಕೊಂಡು ಮತ್ತೆ ಹಬ್ಬುತ್ತೆ. ಅದಕ್ಕೇ ಮತ್ತೆ ಮತ್ತೆ ಬರೋರಿಗೆ ಡಾಕ್ಟರ್‌ಗಳು ಮೊದಲ ಕೋರ್ಸ್ ಆದ ಮೇಲೂ ಮೆಟ್ರೋನಿಡಜೋಲ್ ಜೆಲ್‌ನ ವಾರಕ್ಕೆ ಎರಡು ಸಲದಂತೆ ನಾಲ್ಕಾರು ತಿಂಗಳು ಮುಂದುವರಿಸ್ತಾರೆ.

ಇನ್ನೊಂದು ಕಾರಣ ಮೊದಲೆಲ್ಲ ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ, ಗಂಡ. ಬಿವಿ ಬ್ಯಾಕ್ಟೀರಿಯಾ ಗಂಡಸಿನ ಶಿಶ್ನದ ಚರ್ಮದಲ್ಲಿ, ಮೂತ್ರನಾಳದಲ್ಲಿ ಏನೂ ಲಕ್ಷಣ ತೋರಿಸದೇ ಇರಬಹುದು. ಆಸ್ಟ್ರೇಲಿಯಾದಲ್ಲಿ ಒಬ್ಬರಿಗೊಬ್ಬರೇ ಜೊತೆಗಿರೋ ಜೋಡಿಗಳ ಮೇಲೆ ಒಂದು ಅಧ್ಯಯನ ನಡೀತು, 2025ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟ ಆಯ್ತು. ಹೆಣ್ಣಿಗೆ ಮಾತ್ರ ಔಷಧಿ ಕೊಟ್ಟ ಗುಂಪಲ್ಲಿ 12 ವಾರದೊಳಗೆ 63% ಜನಕ್ಕೆ ಬಿವಿ ವಾಪಸ್ ಬಂತು, ಗಂಡಸಿಗೂ 7 ದಿನ ಮೆಟ್ರೋನಿಡಜೋಲ್ ಮಾತ್ರೆ ಜೊತೆಗೆ ಹಚ್ಚೋಕೆ ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟ ಗುಂಪಲ್ಲಿ 35%. ವ್ಯತ್ಯಾಸ ಅಷ್ಟು ದೊಡ್ಡದಿದ್ದಿದ್ದಕ್ಕೆ ಅಧ್ಯಯನವನ್ನ ಅವಧಿಗೆ ಮುಂಚೆನೇ ನಿಲ್ಲಿಸಿದ್ರು. ನಂಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ಎಷ್ಟೋ ವರ್ಷ ಹೆಂಗಸೊಬ್ಬಳೇ ಮಾತ್ರೆ ನುಂಗಿ, ತಾನೇ ಸರಿಯಿಲ್ಲ ಅಂದ್ಕೊಂಡು ಕೂತಿದ್ದಾಳೆ. ಗಂಡನನ್ನೂ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಇಬ್ಬರ ಔಷಧಿಯೂ ಒಂದೇ ವಾರ ಆಗಲಿ, ಆ ವಾರ ಸೇರೋದು ಬೇಡ. ಕಾಂಡೋಮ್ ಬಳಸಿದ್ರೂ ವಾಪಸ್ ಬರೋದು ಕಡಿಮೆ ಆಗುತ್ತೆ, ಆದ್ರೆ ಕ್ಲಿಂಡಾಮೈಸಿನ್ ಕ್ರೀಮ್ ರಬ್ಬರನ್ನ ಹಾಳುಮಾಡುತ್ತೆ ಅನ್ನೋದು ನೆನಪಿರಲಿ. ಕಾಪರ್-ಟಿ ಹಾಕಿಸಿದ ಮೇಲೆ ಶುರುವಾಗಿದ್ರೆ ಅದನ್ನೂ ಹೇಳಿ.

ಫಂಗಸ್ ಆಗಿದ್ರೆ ದಾರಿ ಬೇರೆ. ವರ್ಷಕ್ಕೆ ಮೂರು ಸಲ ಅಥವಾ ಹೆಚ್ಚು ಬಂದ್ರೆ ಶುಗರ್ ಟೆಸ್ಟ್ ಮಾಡಿಸ್ಲೇಬೇಕು, ಎಷ್ಟೋ ಜನಕ್ಕೆ ಸಕ್ಕರೆ ಕಾಯಿಲೆ ಇರೋದು ಗೊತ್ತಾಗೋದೇ ಹೀಗೆ. ಈಗಾಗ್ಲೇ ಶುಗರ್ ಇದ್ದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೋತಿದ್ರೆ ಅವು ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕ್ತವೆ, ಅಲ್ಲಿ ಫಂಗಸ್ ಬೆಳೆಯುತ್ತೆ, ಆದ್ರೆ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟರನ್ನ ಕೇಳಿ. ಗಂಟಲು ನೋವಿಗೆ ಜ್ವರಕ್ಕೆ ಅಂತ ಆಂಟಿಬಯೋಟಿಕ್ ತಗೊಂಡ ಮೇಲೂ ಬರುತ್ತೆ. ಫಂಗಸ್‌ಗೆ ಕೊಡೋ ಫ್ಲುಕೊನಜೋಲ್ 150 ಒಂದೇ ಮಾತ್ರೆ ಹೀಗೆ ಪದೇ ಪದೇ ಬರೋರಿಗೆ ಸಾಲಲ್ಲ, ಮೂರು ದಿನಕ್ಕೊಂದರಂತೆ ಮೂರು, ಆಮೇಲೆ ವಾರಕ್ಕೊಂದು ಆರು ತಿಂಗಳು ಅನ್ನೋದು ಪ್ರಚಲಿತ ಕ್ರಮ, ಅದೂ ಡಾಕ್ಟರ್ ನೋಡಿಯೇ, ಬಸುರಿಯರಿಗಂತೂ ಈ ಮಾತ್ರೆ ಬೇಡ. ತುರಿಕೆಗೆ ಅಂತ ಅಂಗಡಿಯಲ್ಲಿ ಕೊಡೋ ಸ್ಟೀರಾಯ್ಡ್ ಸೇರಿದ ಟ್ಯೂಬ್ ಮಾತ್ರ ದಯವಿಟ್ಟು ಹಚ್ಬೇಡಿ, ಎರಡು ದಿನ ಹಾಯೆನಿಸಿ ಆಮೇಲೆ ಚರ್ಮ ತೆಳ್ಳಗಾಗಿ ಫಂಗಸ್ ಇನ್ನೂ ಹರಡುತ್ತೆ.

ಮೊಸರು ಒಳಗೆ ಹಚ್ಕೊಳ್ಲಾ ಅಂತ ಕೇಳೋರು ತುಂಬಾ ಜನ. ಬೇಡ. ಊಟಕ್ಕೆ ಮೊಸರು ತಿನ್ನಿ, ಒಳ್ಳೇದೇ, ಆದ್ರೆ ಮೊಸರಿನ ಬ್ಯಾಕ್ಟೀರಿಯಾ ಬೇರೆ ಜಾತಿ, ಯೋನಿಯಲ್ಲಿ ನೆಲೆ ನಿಲ್ಲೋ ಮುಖ್ಯವಾದದ್ದು ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪಾಟಸ್. ಅಮೆರಿಕದಲ್ಲಿ ಇದೇ ಬ್ಯಾಕ್ಟೀರಿಯಾನ ಮೆಟ್ರೋನಿಡಜೋಲ್ ಆದ ಮೇಲೆ ನೇರ ಯೋನಿಯೊಳಗೆ ಹಾಕಿ ನೋಡಿದ್ರು, 2020ರಲ್ಲಿ ಬಂದ ಫಲಿತಾಂಶದಲ್ಲಿ 12 ವಾರಕ್ಕೆ ಬಿವಿ ಮತ್ತೆ ಬಂದಿದ್ದು 30%, ಬ್ಯಾಕ್ಟೀರಿಯಾ ಇಲ್ಲದ ಹುಸಿ ಔಷಧಿ ಹಾಕಿದವರಲ್ಲಿ 45%. ಭರವಸೆ ಇದೆ ನಿಜ, ಅದಕ್ಕಂತ ಅಂಗಡಿಯಲ್ಲಿರೋ ಪ್ರತಿ ಪ್ರೋಬಯೋಟಿಕ್ ಡಬ್ಬಿಯೂ ಅದೇ ಕೆಲಸ ಮಾಡುತ್ತೆ ಅಂತಲ್ಲ, ದುಡ್ಡು ಸುರಿಯೋ ಮುಂಚೆ ಯೋಚಿಸಿ. ಮುಟ್ಟು ನಿಂತವರದ್ದು ಇನ್ನೊಂದು ಕಥೆ, ಈಸ್ಟ್ರೋಜನ್ ಇಳಿದು ಒಳ್ಳೇ ಬ್ಯಾಕ್ಟೀರಿಯಾ ಕಡಿಮೆ ಆಗಿರುತ್ತೆ, ಒಣಗಿ ಉರಿಯುತ್ತೆ, ಅಂಥವರಿಗೆ ಯೋನಿಗೆ ಹಾಕೋ ಈಸ್ಟ್ರೋಜನ್ ಕ್ರೀಮಿಂದ ಎಷ್ಟೋ ಸಲ ಸಮತೋಲನ ವಾಪಸ್ ಬರುತ್ತೆ.

ಇನ್ನೊಂದು ಮಾತು ಹೇಳ್ದೇ ಇರೋಕಾಗಲ್ಲ. ಕಲಬುರಗಿ ಕಡೆ ತಾಂಡಾಗಳ ಲಂಬಾಣಿ ಹೆಣ್ಮಕ್ಕಳು ಹೊಟ್ಟೆನೋವು, ಬಿಳಿ ಸೆರಗು ಅಂತ ಹೋದಾಗ ಗರ್ಭಕೋಶನೇ ತೆಗೆದು ಕಳಿಸಿದ್ದು 2015ರ ಆಸುಪಾಸಿನಲ್ಲಿ ಬಯಲಾಗಿ ಸರ್ಕಾರ ತನಿಖೆ ಮಾಡಿಸ್ತು. ಯೋನಿಯ ಇನ್‌ಫೆಕ್ಷನ್‌ಗೆ ಗರ್ಭಕೋಶ ತೆಗೆಯೋದು ಚಿಕಿತ್ಸೆನೇ ಅಲ್ಲ, ಯಾರಾದ್ರೂ ಇದೊಂದಕ್ಕೇ ಆಪರೇಷನ್ ಅಂದ್ರೆ ಎದ್ದು ಬನ್ನಿ, ಇನ್ನೊಬ್ಬ ಡಾಕ್ಟರನ್ನ ಕೇಳಿ. ಹಾಗೆಯೇ ಜ್ವರ, ಕಿಬ್ಬೊಟ್ಟೆ ನೋವು, ಮುಟ್ಟಲ್ಲದ ಹೊತ್ತಲ್ಲಿ ರಕ್ತ, ಅಥವಾ ಬಸುರಿ ಆಗಿದ್ದಾಗ ವಾಸನೆ ಬಂದ್ರೆ ಕಾಯ್ಬೇಡಿ, ಬಿವಿಯಿಂದ ಅವಧಿಗೆ ಮುಂಚೆ ಹೆರಿಗೆ ಆಗೋ ಅಪಾಯ ಇದೆ.

ಹೋಗೋದೆಲ್ಲಿಗೆ ಅಂದ್ರೆ, ಸ್ತ್ರೀರೋಗ ತಜ್ಞರು, ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿರೋ ಸುರಕ್ಷಾ ಕ್ಲಿನಿಕ್ (ಇಂಥ ಗುಪ್ತಾಂಗದ ಇನ್‌ಫೆಕ್ಷನ್‌ಗಳನ್ನ ನೋಡೋ ಸರ್ಕಾರಿ ಕ್ಲಿನಿಕ್), ಅಲ್ಲಿ ಔಷಧಿ ಫ್ರೀ. ಲಕ್ಷಣ ಇದ್ದಾಗಲೇ ಹೋಗಿ, ಮಾತ್ರೆ ಶುರು ಮಾಡೋ *ಮುಂಚೆ*, ಹೋಗೋ ಎರಡು ದಿನ ಮುಂಚಿನಿಂದ ಒಳಗೆ ಕ್ರೀಮ್ ಏನೂ ಬೇಡ, ಸೇರೋದೂ ಬೇಡ. ಯಾವ ತಿಂಗಳು ಯಾವಾಗ ಶುರುವಾಯ್ತು, ಮುಟ್ಟಿನ ಮುಂಚೆನೋ ಆಮೇಲೋ, ಯಾವ ಮಾತ್ರೆ ತಗೊಂಡ್ರಿ ಅಂತ ಬರ್ಕೊಂಡು ಹೋಗಿ, ಹಳೇ ಚೀಟಿನೂ ಇರಲಿ. ಮತ್ತೆ ಇಷ್ಟು ಮಾತ್ರ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ಇದು ನಾಲ್ಕನೇ ಸಲ, ಸ್ಯಾಂಪಲ್ ತೆಗೆದು ಇದು ಬಿವಿನಾ ಫಂಗಸ್ಸಾ ನೋಡ್ತೀರಾ, ನಮ್ಮನೆಯವರಿಗೂ ಔಷಧಿ ಬೇಕಾ?"