ಲೇಖಕರು ಹೆಸರು ಬರೆದು ಕೊಟ್ಟ ಪ್ರತಿ ಗ್ರಂಥಾಲಯಕ್ಕೆ ಬೇಕೇ?

ಪ್ರಶ್ನೆ: ಕುಮಟೆಯ ನಮ್ಮ ಮನೆಯ ಅಟ್ಟದಲ್ಲಿ, ಲೇಖಕರೇ ಅಜ್ಜನ ಹೆಸರು ಬರೆದು ಸಹಿ ಮಾಡಿ ಕೊಟ್ಟ ಹಳೆಯ ಪುಸ್ತಕಗಳಿವೆ. ಅಜ್ಜ ಪ್ರಸಿದ್ಧರೇನಲ್ಲ. ಗ್ರಂಥಾಲಯಕ್ಕೆ ಇವುಗಳಿಂದ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಮೊದಲು ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿರಿ. ಕನ್ನಡ ಪುಸ್ತಕಗಳಲ್ಲಿ ಮುದ್ರಣದ ವರ್ಷವೂ ಎಷ್ಟೋ ಸಲ ‘ಪ್ರತಿಗಳು: 1000’ ಎಂಬ ಸಾಲೂ ಅಲ್ಲಿಯೇ ಇರುತ್ತವೆ. ಸಹಿಯ ಕೆಳಗಿನ ತಾರೀಖು ಆ ವರ್ಷಕ್ಕಿಂತ ಹಿಂದಿನದಾಗಿದ್ದರೆ ಅನುಮಾನಿಸಬೇಕು. ಆಸುಪಾಸಿನದಾಗಿದ್ದರೆ ಪುಸ್ತಕ ಅಚ್ಚಿನಿಂದ ಬಂದ ಹೊಸತರಲ್ಲಿಯೇ ಲೇಖಕರು ಯಾರನ್ನು ನೆನೆದರು ಎಂಬುದು ತಿಳಿಯುತ್ತದೆ.

ಅಚ್ಚಾದ ಅರ್ಪಣೆ ಸಾವಿರ ಪ್ರತಿಗಳಲ್ಲಿಯೂ ಒಂದೇ, ಕೈಬರಹದ ಸಾಲು ಮಾತ್ರ ಒಂದೇ ಪ್ರತಿಯಲ್ಲಿ ಇರುವುದು. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ಅದರ ಮೊದಲ ಮುದ್ರಣದ ಪ್ರತಿಯೊಂದರಲ್ಲಿ ಗೋಕರ್ಣದ ಗೌರೀಶ ಕಾಯ್ಕಿಣಿಯವರ ಹೆಸರು ಚಿತ್ತಾಲರ ಕೈಬರಹದಲ್ಲಿ ಸಿಕ್ಕಿತೆಂದು ಊಹಿಸಿಕೊಳ್ಳಿ: ಕಾದಂಬರಿಕಾರರಿಗೂ ವಿಮರ್ಶಕರಿಗೂ ನಡುವಿನ ಒಡನಾಟಕ್ಕೆ ಅದು ದಾಖಲೆಯಾಗುತ್ತದೆ, ಅಂಚಿನಲ್ಲಿ ಓದಿದವರ ಪೆನ್ಸಿಲ್ ಗುರುತುಗಳಿದ್ದರಂತೂ ಸಂಶೋಧಕರಿಗೆ ಹಬ್ಬವೇ. ಹೆಸರು ಮಾಡದ ಶಾಲಾ ಮಾಸ್ತರರಿಗೆ ಕೊಟ್ಟ ಪ್ರತಿಯನ್ನೂ ನಾನು ಕಡೆಗಣಿಸಲಾರೆ, ಏಕೆಂದರೆ ಲೇಖಕರಿಗೆ ಊರಿನಲ್ಲಿ ಓದುಗರಾಗಿ ಇದ್ದವರು ಯಾರೆಂಬುದು ಜೀವನ ಚರಿತ್ರೆಗಳಲ್ಲಿ ಅಪರೂಪಕ್ಕೆ ಮಾತ್ರ ಸಿಗುತ್ತದೆ.

ದುರ್ದೈವವೆಂದರೆ ಈ ಸಾಲು ಇರುವುದು ಎಲ್ಲಕ್ಕಿಂತ ಮೊದಲು ಹಾಳಾಗುವ ಹಾಳೆಯಲ್ಲಿ. ಕರಾವಳಿಯ ಗ್ರಂಥಾಲಯವೊಂದರಲ್ಲಿ ನಾನು ತೆರೆದ ಕವನ ಸಂಕಲನಕ್ಕೆ ಹೊಸ ರಟ್ಟು ಕಟ್ಟುವಾಗ ಅಂಚನ್ನು ಕತ್ತರಿಸಿಬಿಟ್ಟಿದ್ದರು. ಉಳಿದದ್ದು ‘-ರಿಗೆ, ಪ್ರೀತಿಯಿಂದ’ ಎಂಬಷ್ಟೇ, ಅದರ ಮೇಲೊಂದು ನೇರಳೆ ಮೊಹರು.

ನಿಮ್ಮ ಪುಸ್ತಕಗಳಿಗೆ ಬೂಷ್ಟು ಹಿಡಿದಿದ್ದರೆ ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ, ಗಾಳಿಗೆ ಒಣಗಿಸಿ, ಮೆತ್ತಗಿನ ಕುಂಚದಿಂದ ಝಾಡಿಸಿರಿ. ಬಿಸಿಲಿಗೆ ಶಾಯಿ ಮಾಸುತ್ತದೆ, ಒದ್ದೆ ಬಟ್ಟೆ ತಾಗಿದರೆ ಹರಡುತ್ತದೆ. ಸೆಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ. ನಡುವೆ ಪತ್ರವೋ ಪೋಸ್ಟ್ ಕಾರ್ಡೋ ಸಿಕ್ಕರೆ ಯಾವ ಪುಟದಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿರಿ. ಕೊಡುವಾಗ ಬಿಡಿಬಿಡಿಯಾಗಿ ಹಂಚದೆ ಒಂದೇ ಕಡೆ ಕೊಡಿರಿ. ಅಜ್ಜ ಯಾರು, ಲೇಖಕರ ಪರಿಚಯ ಅವರಿಗೆ ಹೇಗೆ ಆಯಿತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿರಿ. ಎರವಲು ವಿಭಾಗಕ್ಕೆ ಸೇರಿಸದೆ, ಅಂಚು ಕತ್ತರಿಸದೆ, ಬರಹದ ವಿವರವನ್ನು ಸೂಚಿಯಲ್ಲಿ ನಮೂದಿಸುವುದಾಗಿ ಗ್ರಂಥಪಾಲರಿಂದ ಪತ್ರ ಪಡೆದ ಮೇಲೆಯೇ ಹಸ್ತಾಂತರಿಸಿರಿ.